ಮಡಚುವ ಸೈಕಲ್ಲು ಕೈಬಿಟ್ಟುಹೋದ ಬಗೆ

ಬೇರೆಯವರು ಮನೆ ಬಿಟ್ಟರೆ ನೆಟ್ಟಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಹೊರಟರೆ ದಾರಿಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಆಗದಿದ್ದರೆ ಆಗುವ ಹಾಗೆ ನಾನೇ ನೋಡಿಕೊಳ್ಳುತ್ತೇನೆ, ಅದು ಬೇರೆ ಮಾತು. ಆ ಮಡಚುವ ಸೈಕಲ್ಲು ಇದ್ದಷ್ಟು ಕಾಲ ಅದಕ್ಕೂ ನಾನು ಕಷ್ಟಪಡಬೇಕಾಗಿರಲಿಲ್ಲ. ಈಗ ಅದಿಲ್ಲ. ಬೆಳಿಗ್ಗೆ ರಾಮನಗರ ಸ್ಟೇಷನ್ನಿನ ಹೊರಗೆ ಆಟೋಗೆ ಕೈ ಅಡ್ಡ ಹಿಡಿಯುತ್ತೇನೆ.

ನನ್ನ ಮನೆ ಚನ್ನಪಟ್ಟಣ, ಕೆಲಸ ರಾಮನಗರ. ರೇಷ್ಮೆ ನೂಲು ತೆಗೆಸುವ ಸಾಹುಕಾರರೊಬ್ಬರಿಗೆ ಮಾರ್ಕೆಟ್ಟಿನಲ್ಲಿ ಗೂಡು ನೋಡಿ ಕೊಂಡುಕೊಡುವುದು. ಸ್ಕೂಟರು ಮಗಳ ಕಾಲೇಜಿನ ಪಾಲಾದ ಮೇಲೆ ಬೆಂಗಳೂರಿನ ಒಬ್ಬರಿಂದ ಈ ಸೆಕೆಂಡ್ ಹ್ಯಾಂಡ್ ಸೈಕಲ್ಲು ತಂದೆ. ರೊಟ್ಟಿ ಹೆಂಚಿನಷ್ಟು ಚಕ್ರ, ನಡುವಿಗೊಂದು ಕೀಲು. ಚಿಲಕ ಸಡಿಲಿಸಿದರೆ ಚಳಿಗೆ ಬೆಕ್ಕು ಮುದುರಿದ ಹಾಗೆ ಮುದುರಿಕೊಳ್ಳುತ್ತಿತ್ತು. ಹಳೇ ಕರ್ಟನ್ನಿನಲ್ಲಿ ಹೆಂಡತಿ ಒಂದು ಚೀಲ ಹೊಲಿದುಕೊಟ್ಟಳು. ಚೀಲಕ್ಕೆ ಹಾಕಿದರೆ ರೈಲು, ಇಳಿದು ಬಿಚ್ಚಿದರೆ ಸವಾರಿ.

ಚೀಲ ಕೈಗಿಡುವಾಗ ಅವಳೊಂದು ಮಾತು ಹೇಳಿದ್ದಳು.

"ರೀ, ನಿಮ್ಮ ತಮಾಷೆ ಎಲ್ಲಿ ಬೇಕಾದ್ರೂ ಮಾಡ್ಕೊಳ್ಳಿ. ಕುದೂರಿನ ಕಡೆಗೆ ಮಾತ್ರ ಅದು ಮುಟ್ಟಬಾರ್ದು. ನಮ್ಮ ತವರಲ್ಲಿ ನಿಮ್ಮನ್ನ ಬಾಯಿಮಾತಿನ ಅಳಿಯ ಅಂತಾರೆ. ಮಾತು ಬಿಟ್ರೆ ಏನೂ ತರಲ್ಲ ಅಂತ. ಕೇಳಿಸ್ಕೊಂಡು ತಲೆ ತಗ್ಗಿಸೋಳು ನಾನು."

ಅವಳು ನಗುತ್ತಿರಲಿಲ್ಲ. ನಾನು ನಕ್ಕೆ. ಅಲ್ಲಿ ನಗಬಾರದಿತ್ತು.

ಹಾರ್ಮೋನಿಯಂ

ಮೊದಲ ವಾರವೇ ರೈಲಿನಲ್ಲಿ ಟಿಕೆಟ್ ನೋಡುವವರ ಕಣ್ಣು ಚೀಲದ ಮೇಲೆ ಬಿತ್ತು.

"ಏನ್ರೀ ಅದು?"

ಸೈಕಲ್ಲು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ಸುಮ್ಮನಿರಬೇಕಲ್ಲ. "ಹಾರ್ಮೋನಿಯಂ ಸಾರ್. ಭಜನೆಗೆ ಹೊರಟಿದ್ದೀನಿ."

ಎದುರು ಸೀಟಿನ ಅಜ್ಜಿ ಕೈಮುಗಿಯಿತು. "ಒಂದು ದೇವ್ರ ಪದ ಹೇಳಪ್ಪ. ರಾಮನಗರ ಬರಾಕೆ ಇನ್ನೂ ಒಸಿ ಹೊತ್ತೈತೆ."

"ಪೆಟ್ಟಿಗೆ ಕೆಟ್ಟೋಗೈತೆ ಅಜ್ಜಿ, ರಿಪೇರಿಗೆ ತಗೊಂಡು ಹೋಗ್ತಾ ಇವ್ನಿ."

"ಭಜನೆಗೋ ರಿಪೇರಿಗೋ?" ಟಿಕೆಟ್ಟಿನವರು ಹುಬ್ಬೇರಿಸಿದರು.

"ರಿಪೇರಿ ಮುಗಿಸ್ಕೊಂಡು ಭಜನೆಗೆ ಸಾರ್."

ಅಷ್ಟರಲ್ಲಿ ರೈಲು ಒಮ್ಮೆ ಜಗ್ಗಿತು. ಚೀಲದೊಳಗಿನ ಬೆಲ್ಲು ಟ್ರಿಣ್ ಟ್ರಿಣ್ ಅಂದಿತು. ಟಿಕೆಟ್ಟಿನವರು ಬಗ್ಗಿ ಚೀಲಕ್ಕೆ ಕಿವಿಯಿಟ್ಟು ಕೇಳಿ, ನೆಟ್ಟಗೆ ನಿಂತು ಹೇಳಿದರು:

"ಶ್ರುತಿ ಪರವಾಗಿಲ್ಲ. ಚೈನಿಗೆ ಎಣ್ಣೆ ಬಿಡಿ."

ಲಾರಿಯವನು

ಆ ಟಿಕೆಟ್ಟಿನವರು ಮತ್ತೆ ಆ ರೈಲಿಗೆ ಬರಲೇ ಇಲ್ಲ. ಅಂಥ ಕೇಳುಗ ಇನ್ನೊಬ್ಬ ನನಗೆ ಸಿಗಲಿಲ್ಲ ಅನ್ನುವ ಬೇಜಾರಿನಲ್ಲಿರುವಾಗಲೇ ರಾಮನಗರದಲ್ಲಿ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಲು ನಾಚಿಕೆಯಾಗಿ, ಮಡಚಿ ಹೊತ್ತುಕೊಂಡು ಹೋಗಿ ಸೈಕಲ್ ಶಾಪಿನವರ ಮುಂದಿಟ್ಟೆ. ಅವರು ಅದರ ಸುತ್ತ ಒಂದು ಸುತ್ತು ಬಂದರು. ಎರಡು ಚಕ್ರವೂ ಒಂದೇ ಕಡೆ, ಹ್ಯಾಂಡಲ್ಲು ನೆಲ ನೋಡುತ್ತಿದೆ. ನನ್ನ ಮೈಯನ್ನೂ ಮೇಲಿಂದ ಕೆಳಗೆ ನೋಡಿದರು, ಗಾಯ ಹುಡುಕುತ್ತಿದ್ದರೇನೋ. ಆಮೇಲೆ ತುಂಬ ಮೆತ್ತಗೆ ಕೇಳಿದರು:

"ಲಾರಿಯೋನು ನಿಲ್ಸಿದ್ನಾ ಸಾರ್, ಹಂಗೇ ಹೊಂಟೋದ್ನಾ?"

ಬಿಸಿನೀರು

ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುವ ತನಕ ರೈತರಿಗೆ ಹೊತ್ತು ಹೋಗುವುದಿಲ್ಲ. ಅವತ್ತು ತಿಪ್ಪಸಂದ್ರದ ಕಡೆಯ ಯಜಮಾನರೊಬ್ಬರು ತಮ್ಮ ಗೂಡಿನ ಪಕ್ಕ ಕೂತು ನನ್ನ ಸೈಕಲ್ಲನ್ನೇ ದಿಟ್ಟಿಸುತ್ತಿದ್ದರು.

"ಮಕ್ಕಳುದಾ?"

"ಇಲ್ಲ ಯಜಮಾನ್ರೇ, ದೊಡ್ಡೋರುದೇ. ತೊಳೆಯೋಣ ಅಂತ ನೀರಿನ ತೊಟ್ಟೀಲಿ ಬುಟ್ಟು ಮರೆತ್ಬುಟ್ಟೆ. ಕುಗ್ಗೋಯ್ತು."

ಅವರು ನಗಲಿಲ್ಲ. ಗೂಡು ಬೇಯಿಸುವುದು, ನೂಲು ಬಿಚ್ಚುವುದು ಎಲ್ಲ ಕಂಡವರು. ನೀರಿನ ಹದ ತಪ್ಪಿದರೆ ಏನೇನಾಗುತ್ತದೆಂದು ಗೊತ್ತಿದ್ದವರು. ಗಲ್ಲ ಕೆರೆದುಕೊಂಡು ಯೋಚನೆ ಮಾಡಿದರು.

"ತಣ್ಣೀರೋ, ಬಿಸ್ನೀರೋ?"

"ಬಿಸ್ನೀರು."

"ಅಲ್ಲೇ ನೀವು ಕೆಟ್ಟಿದ್ದು," ಅಂದರು.

ಮೈಕು

ಆ ಯಜಮಾನರು ನನ್ನ ಹೆಂಡತಿಯ ದೊಡ್ಡಪ್ಪನಿಗೆ ಬೀಗರು ಅಂತ ನನಗೇನು ಕನಸು ಬಿದ್ದಿತ್ತೇ? ಬಿಸಿನೀರಿನ ಕಥೆ ನಾನು ಮನೆ ಮುಟ್ಟುವ ಮೊದಲೇ ಕುದೂರು ಮುಟ್ಟಿತು. ಅಲ್ಲಿಂದ ಫೋನಿನಲ್ಲಿ ನಮ್ಮ ಮನೆಗೂ ಬಂತು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ತಮ್ಮನ ಮನೆ ಗೃಹಪ್ರವೇಶ ಬಂತು," ಅಂದಳು. "ಅವತ್ತೊಂದು ದಿನ ತಮಾಷೆ ಬೇಡ. ಮುಯ್ಯಿ ನೀವೇ ತನ್ನಿ, ನಿಮ್ಮ ಕೈಯಾರೆ ಕೊಡಿ. ನಾಲ್ಕು ಜನದೆದುರು ನನ್ನ ಮುಖ ಉಳೀಲಿ."

ಆಯಿತು ಅಂದೆ. ಈ ಸಲ ನಗಲಿಲ್ಲ.

ನಮ್ಮ ಕಡೆ ನೆಂಟರು ತಂದ ಮುಯ್ಯಿಯನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರೆ, ಯಾರು ಏನು ಕೊಟ್ಟರು ಅಂತ. ಕೂಗಿದ್ದು ಕೂಗಿದ್ದೇ. ಆಮೇಲೆ ಅದನ್ನು ವಾಪಸ್ ಇಸಕೊಂಡವನಿಗೆ ಆ ಊರಲ್ಲಿ ನೀರೂ ಹುಟ್ಟುವುದಿಲ್ಲ.

ಹೆಂಡತಿ ಮೊದಲೇ ಹೋಗಿದ್ದಳು. ನಾನೊಂದು ಒಳ್ಳೇ ಗೋಡೆ ಗಡಿಯಾರ ಕೊಂಡು, ಕುದೂರಿನ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಭಾಮೈದನ ಹಳ್ಳಿಗೆ ಸೈಕಲ್ಲು ತುಳಿದೆ. ಚಪ್ಪರದ ಹತ್ತಿರ ಸೈಕಲ್ಲನ್ನು ಮಡಚಿ ಚೀಲಕ್ಕೆ ಹಾಕಿದೆ. ಕೈಯಲ್ಲಿದ್ದ ಗಡಿಯಾರವನ್ನೂ ಚೀಲದೊಳಗೆ ಅದರ ಮೇಲೇ ಇಟ್ಟೆ. ಮೈಕು ಹಿಡಿದು ಕೂತಿದ್ದವರು ಅದೇ ದೊಡ್ಡಪ್ಪ. ಚೀಲ ಅವರ ಮುಂದಿಟ್ಟೆ.

"ದೊಡ್ಡಪ್ಪ, ಇದ್ರಲ್ಲಿ ಮುಯ್ಯಿ ಐತೆ. ಕೈಕಾಲು ತೊಳ್ಕೊಂಡು ಬತ್ತೀನಿ."

ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಮೈಕು ಮಾತಾಡಿತು. "ಚನ್ನಪಟ್ಟಣದ ಅಳಿಯಂದಿರಿಂದ ಒಂದು ಗೋಡೆ ಗಡಿಯಾರ!" ಸದ್ಯ, ಮರ್ಯಾದೆ ಉಳಿಯಿತು ಅಂದುಕೊಂಡೆ. "ತಡೀರಿ ತಡೀರಿ, ಒಳಗೆ ಇನ್ನೂ ಏನೋ ಐತೆ... ಬತ್ತಾ ಐತೆ... ಒಂದು ಸೈಕಲ್ಲು!"

ಒದ್ದೆ ಮುಖದಲ್ಲೇ ಓಡಿದೆ. "ಅಯ್ಯೋ ದೊಡ್ಡಪ್ಪ, ಅದು ನಾನು ಬಂದ ಗಾಡಿ!"

ಅವರು ಮೈಕು ಕೆಳಗಿಡಲಿಲ್ಲ. "ಕೇಳಿದ್ರಾ? ಚೀಲದೊಳಗಿನ ಗಾಡೀಲಿ ಬಂದ್ರಂತೆ ಅಳಿಯಂದಿರು!"

ಚಪ್ಪರವೇ ನಕ್ಕಿತು.

"ನಿಜವಾಗ್ಲೂ! ನನ್ನಾಣೆ!"

"ಬುಡಿ ಭಾವ," ಭಾಮೈದ ಬಂದು ಹೆಗಲ ಮೇಲೆ ಕೈ ಹಾಕಿದ. "ಬಿಸ್ನೀರಿಗೆ ಹಾಕಲ್ಲ, ಹುಷಾರಾಗಿ ಇಟ್ಕೊತೀನಿ."

ಜೀವಮಾನವೆಲ್ಲ ಸುಳ್ಳು ಹೇಳಿ ನಗಿಸಿದವನು ನಾನು. ಆದರೆ ನಿಜ ಹೇಳಿದಾಗ ನಕ್ಕಷ್ಟು ಜನ ಯಾವತ್ತೂ ನಕ್ಕಿರಲಿಲ್ಲ.

ಇನ್ನೊಂದು ಸಲ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ಮುಖ ಕಂಡಿತು. ಹೆಂಗಸರ ಗುಂಪಿನ ನಡುವೆ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು, ತಲೆ ಎತ್ತಿ. ನನ್ನ ಪಕ್ಕಕ್ಕೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದರ ಮೇಲೆ ಪ್ರಾಣಾನೇ ಇಟ್ಕೊಂಡಿದ್ರಿ. ನನಗೋಸ್ಕರ ಅದನ್ನೇ ಕೊಟ್ಬಿಟ್ರಾ?"

"ಹೂಂ," ಅಂದೆ. ಇದನ್ನು ಅವಳು ಓದಿದರೂ ನಂಬುವುದಿಲ್ಲ, ಅದೊಂದೇ ಧೈರ್ಯ.

ಆದರೂ ಆಸೆ ಅನ್ನುವುದು ಬಿಡುತ್ತದೆಯೇ? ಹೊಲ, ಹಸು ಇರುವ ಭಾಮೈದನಿಗೆ ಮಡಚುವ ಸೈಕಲ್ಲು ಯಾತಕ್ಕೆ? ಮೂಲೆಯಲ್ಲಿ ಬಿದ್ದಿದ್ದರೆ ಒಂದಷ್ಟು ದಿನಕ್ಕೆ ಅಂತ ಕೇಳಿ ತರೋಣ ಅಂದುಕೊಂಡು, ಹಬ್ಬದ ನೆಪ ಮಾಡಿ ಹೆಂಡತಿಯ ಜೊತೆ ಹೋದೆ. ಭಾಮೈದ ಡೈರಿಗೆ ಹಾಲು ಹಾಕಿ ಅದರ ಮೇಲೇ ಬಂದಿಳಿದ. ಹಿಂದೆ ಎರಡೂ ಕಡೆ ಹಾಲಿನ ಕ್ಯಾನು.

"ನೋಡಿ, ನಮ್ಮ ತಮ್ಮ ಎಷ್ಟು ಚೆನ್ನಾಗಿ ಇಟ್ಕೊಂಡವ್ನೆ," ಅಂದಳು ಹೆಂಡತಿ.

ನಾನು ಹತ್ತಿರ ಹೋಗಿ ಸವರಿದೆ. ಕೈ ತಾನಾಗಿಯೇ ನಡುವಿನ ಚಿಲಕ ಹುಡುಕಿತು. ಚಿಲಕ ಇದ್ದ ಜಾಗದಲ್ಲಿ ಬೊಕ್ಕೆಬೊಕ್ಕೆಯಾಗಿ ಕಬ್ಬಿಣ ಸಿಕ್ಕಿತು.

"ಇದೇನ್ಲಾ ಇದು?"

ಭಾಮೈದ ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದ. "ಎಲ್ಲರ ಮುಂದೆ ಹೇಳಿ ನಿಮ್ಗೆ ಬೇಜಾರು ಮಾಡೋದು ಬ್ಯಾಡ ಅಂತ ಸುಮ್ಕಿದ್ದೆ ಭಾವ. ಅಂಗಡಿಯೋನು ನಿಮ್ಗೆ ಟೋಪಿ ಹಾಕವ್ನೆ. ನಡುವಿಗೇ ಮುರ್ಕೊಂಡಿತ್ತು. ಹಾರೋಹಳ್ಳಿ ಫ್ಯಾಕ್ಟ್ರಿಯಿಂದ ವೆಲ್ಡಿಂಗ್‌ನೋನ್ನ ಕರೆಸಿ ಸುತ್ತಾ ಹೊಡೆಸ್ಬುಟ್ಟೆ. ಇನ್ನು ಆನೆ ಕೂತ್ರೂ ಮಡಚಲ್ಲ!"