ಬಾಗಿಲು ತೆಗೆಸಿದ ಹಾಡು

ಎಲ್ಲಕ್ಕೂ ಕಾರಣ ಆ ಹಾಡಿನ ಮೊದಲ ಸಾಲು: 'ಬಾಗಿಲ ತೆಗೆಯೇ ತಾಯೇ, ಹೊತ್ತಾಯಿತು.' ಬರೆದು, ರಾಗ ಹಾಕಿ, ಹಾಡಿದವರು ಬಟವಾಡಿಯ ಅಡವಿಯಪ್ಪನವರು. ಅವರ ದನಿ ಕೇಳಿ ದೇವರಾಯನದುರ್ಗದ ಕೋತಿಗಳು ಕಸಿದ ಬಾಳೆಹಣ್ಣು ವಾಪಸು ಕೊಟ್ಟದ್ದನ್ನು ಇಡೀ ಜಿಲ್ಲೆ ಕಂಡಿದೆ. ಕಾಣದವರು ಅಂದು ಊರಲ್ಲಿರಲಿಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಅವರ ಅಂಗಡಿಗೆ ಕುಣಿಗಲ್ಲಿನಿಂದಲೂ ಜನ ನುಗ್ಗುತ್ತಿದ್ದರು. ಈಗ ಅಲ್ಲಿ ಮೊಬೈಲ್ ಕವರುಗಳು ನೇತಾಡುತ್ತವೆ. ಸೊಸೆ ಮಾಲಿನಿ ಈ ಹಾಡನ್ನು ಫೋನಿನ ಆ್ಯಪಿಗೆ ಏರಿಸಿಕೊಟ್ಟಳು. ತಿಂಗಳುಗಟ್ಟಲೆ ಅದನ್ನು ಕೇಳಿದವರು ಅಡವಿಯಪ್ಪ ಒಬ್ಬರೇ. "ಇವತ್ತೆಷ್ಟ್ ಸಲ ಕೇಳ್ಕೊಂಡ್ರಿ ಸ್ವಾಮಿ?" ಎಂದು ಪಕ್ಕದ ಮನೆಯ ವೆಂಕಟಯ್ಯ ಕಾಂಪೌಂಡಿನಾಚೆಯಿಂದ ದಿನಾ ವಿಚಾರಿಸುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಹಾಡು ಸಾವಿರಾರು ಸಲ ಮೊಳಗಿದೆ, ಅದೂ ಎಲ್ಲ ಗುಬ್ಬಿಯಲ್ಲೇ! ಅಡವಿಯಪ್ಪ ಕೂಡಲೇ ಗುಬ್ಬಿಯ ಭಜನಾ ಸಂಘದ ರುದ್ರಯ್ಯನವರಿಗೆ ಫೋನ್ ಮಾಡಿದರು.

"ಆ ಹಾಡು ನಿಮ್ದಾ? ಅದು ಬಂತು ಅಂದ್ರೆ ನಮ್ಮೂರ ಹೆಂಗಸ್ರು ಒಲೆ ಮೇಲಿನ್ ಹಾಲೂ ಬುಟ್ಟು ಆಚೆ ಬತ್ತಾರೆ ಕಣ್ರೀ. ಇವತ್ತೇ ಸಂಜೆ ಬಂದು ಹಾಡಿ."

ಹೆಂಡತಿ ಸರ್ವಮಂಗಳಮ್ಮ ನಂಬಲಿಲ್ಲ. "ಒಂದ್ ಸಭೆ ಪೂರ್ತಿ ಕೂತು ಕೇಳಿದ್ರೆ ಒಪ್ತೀನಿ. ಇಲ್ಲಾಂದ್ರೆ ನಾಳೆ ಹಾರ್ಮೋನಿಯಂ ಗುಜರಿಗೆ," ಎಂದು ಷರತ್ತು ಹಾಕಿ, ಸಾಕ್ಷಿಗೆಂದು ತಾವೂ ಬಸ್ಸು ಹತ್ತಿದರು.

ಗುಬ್ಬಿಯಲ್ಲಿ ಸಭೆ ತುಂಬಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರ್ ಕೇರಿಕೇರಿಗೂ ಕೇಳುವಂತಿತ್ತು. ಅಡವಿಯಪ್ಪ ಮೊದಲ ಸಾಲು ಎತ್ತಿದ್ದೇ ತಡ, ಹೆಂಗಸರೆಲ್ಲ ಎದ್ದುನಿಂತರು. ಭಕ್ತಿ ಎಂದರೆ ಇದು ಎಂದು ಅಡವಿಯಪ್ಪ ಕಣ್ಣು ಮುಚ್ಚಿ ಆಲಾಪಿಸಿದರು. ಕಣ್ಣು ಬಿಟ್ಟಾಗ ಮುಂದಿನ ಸಾಲಿನಲ್ಲಿ ಉಳಿದಿದ್ದವರು ಸರ್ವಮಂಗಳಮ್ಮ ಮಾತ್ರ.

ಮರ್ಯಾದೆ ಹೋಗುವಷ್ಟರಲ್ಲಿ ಜನ ಮರಳಿ ಬಂದರು, ಮೊದಲಿಗಿಂತ ಇಮ್ಮಡಿಯಾಗಿ. ಎಲ್ಲರ ಕೈಯಲ್ಲೂ ಬಕೆಟ್ಟು.

"ಗಾಡಿ ಎಲ್ಲಪ್ಪಾ ನಿಂತದೆ?" ಎಂದು ಮುಂದಿದ್ದ ಲಕ್ಷ್ಮೀದೇವಮ್ಮ ಕೇಳಿದರು. "ಹಬ್ಬದ್ ಕಸ ಎಲ್ಡ್ ದಿನದಿಂದ ಹಂಗೇ ನಾರ್ತಾ ಐತೆ."

ಆಗಿದ್ದಿಷ್ಟು: ಕಸದ ಗಾಡಿಯವರು ಬೀದಿಬೀದಿಯಲ್ಲಿ ಮೈಕಿನಲ್ಲಿ ಹಾಕುವ ಹಳೆಯ ಹಾಡು ಬೇಸರವಾಗಿ, ಫೋನಿನಲ್ಲಿ 'ಬಾಗಿಲು' ಎಂದು ಹುಡುಕಿದ್ದರು. ಸಿಕ್ಕಿದ್ದು ಇದೇ.

ಸರ್ವಮಂಗಳಮ್ಮ ಮೂಗಿಗೆ ಸೆರಗು ಹಿಡಿದು ಬಕೆಟ್ಟುಗಳನ್ನೊಮ್ಮೆ, ಹಾರ್ಮೋನಿಯಮ್ಮನ್ನೊಮ್ಮೆ ನೋಡಿದರು. ಅಡವಿಯಪ್ಪನವರ ದನಿ ಉಡುಗತೊಡಗಿತು. ರುದ್ರಯ್ಯ ಓಡಿಬಂದು ಅವರ ಕಿವಿಯಲ್ಲಿ ಉಸುರಿದರು:

"ನಿಲ್ಲಿಸ್ಬೇಡಿ ಸ್ವಾಮಿ, ಕೈ ಮುಗೀತೀನಿ. ಹಾಡು ನಿಂತ್ರೆ ಗಾಡಿ ಹೊಂಟೋಯ್ತು ಅಂದ್ಕೊಂಡು ಎಲ್ಲಾ ಇಲ್ಲೇ ಸುರಿದ್ಬುಡ್ತಾರೆ."