ಏಳನೇ ಪಾತಿಯವರ ಮೇಲೊಂದು ದೂರು

ಹಾಸನ ಪಟ್ಟಣದ ಸಮುದಾಯ ಕೈತೋಟದಲ್ಲಿ ನೆಲಬಿಟ್ಟು ಸೊಂಟದೆತ್ತರಕ್ಕೆ ವಿರಾಜಮಾನರಾಗಿರುವ ಏಳನೇ ನಂಬರಿನ ಪಾತಿಯವರ ಸನ್ನಿಧಾನಕ್ಕೆ, ಮಗ್ಗೆಯ ಕಾಫಿ ಬೆಳೆಗಾರ ಮಹಾದೇವಯ್ಯನು ಗಾಲಿಕುರ್ಚಿಯಲ್ಲಿ ಕುಳಿತಲ್ಲಿಂದಲೇ, ಆದಷ್ಟು ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಗುರುವಾರ ನಾನು ಬಂದುಹೋದ ಮೇಲೆ ತಾವು ಕ್ಷೇಮವಾಗಿರುವುದು ಕಷ್ಟವೆಂದು ಬಲ್ಲೆನಾದ್ದರಿಂದ ಕುಶಲ ಕೇಳುವ ಧೈರ್ಯ ಮಾಡುವುದಿಲ್ಲ.

ಎರಡು ವರ್ಷದ ಹಿಂದೆ ಬಿದ್ದು ನನ್ನ ಕಾಲುಗಳ ಸ್ವಾಧೀನ ತಪ್ಪಿತು. ತೋಟದ ನೆರಳಿನ ಸಿಲ್ವರ್ ಮರದಿಂದ ಬಿದ್ದೆನೆಂದು ಊರಿಗೆಲ್ಲ ಹೇಳಿದ್ದೇನೆ, ಜಾರಿದ್ದು ಬಚ್ಚಲಿನಲ್ಲಿ. ಬಗ್ಗಲಾರದವನಿಗೆ ಬೇಸಾಯವೇಕೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ತೋಟದ ಕಡೆ ತಲೆಯನ್ನೂ ಹಾಕದೆ ಮನೆಯಲ್ಲಿ ಕುಳಿತಿದ್ದೆ. ಸುಖವಾಗಿದ್ದೆನೆಂದು ಬರೆದರೆ ಸುಳ್ಳಾದೀತು, ಬೆಳಗಾದರೆ ಅಳು ಬರುತ್ತಿತ್ತು. ಇದನ್ನು ನೋಡಲಾರದೆ ನನ್ನ ಹೆಂಡತಿ ಶೀಲಾ ನನ್ನನ್ನು ಕಾರಿಗೆ ಹೇರಿಕೊಂಡು ತಮ್ಮಲ್ಲಿಗೆ ತಂದಳು.

ಗೇಟಿನಲ್ಲಿ ಒಂದಾದರೂ ಮೆಟ್ಟಿಲಿದ್ದೀತು, ಅದನ್ನು ತೋರಿಸಿ ವಾಪಸು ಹೊರಡಬಹುದು ಎಂದು ನಂಬಿ ಬಂದವನಿಗೆ ತಾವು ಮಾಡಿದ ಅನ್ಯಾಯ ಸಾಮಾನ್ಯದ್ದಲ್ಲ. ಮೆಟ್ಟಿಲಿಲ್ಲ, ದಾರಿಯಲ್ಲಿ ಕಲ್ಲಿಲ್ಲ, ಗಾಲಿ ಹೂತುಹೋಗುವಷ್ಟು ಕೆಸರೂ ಇಲ್ಲ. ಸಾಲದೆಂಬಂತೆ ತಾವು ಮಣ್ಣನ್ನು ನನ್ನ ಕೈಯೆತ್ತರಕ್ಕೆ ಹಿಡಿದು ನಿಂತಿದ್ದಿರಿ. ಕುರ್ಚಿ ತಮ್ಮ ಅಡಿಗೆ ಸಲೀಸಾಗಿ ನುಗ್ಗಿತು. ಎರಡು ವರ್ಷ ಜೋಪಾನ ಮಾಡಿದ್ದ ನೆಪವೊಂದನ್ನು ಹೀಗೆ ಕಸಿದುಕೊಳ್ಳುವುದು ಮಾನವಂತ ಪಾತಿಗಳ ಲಕ್ಷಣವೇ?

ಇನ್ನು ನನ್ನ ಪರಾಕ್ರಮ. ನಮ್ಮ ಎಸ್ಟೇಟಿನಲ್ಲಿ ಕಾಫಿ, ಮೆಣಸು ಬಿಟ್ಟು ಹಸಿರಾಗಿರುವುದೆಲ್ಲ ಕಳೆ. ನಲವತ್ತು ವರ್ಷ ನಾನು ಕೋಲಿನಲ್ಲಿ ತೋರಿಸಿದ್ದೇನೆ, ಆಳು ಕುಳ್ಳಯ್ಯ ಕಿತ್ತಿದ್ದಾನೆ. ತಮ್ಮ ಮೈಮೇಲೆ ದುಂಡೆಲೆಯ ಬಳ್ಳಿ ಹಬ್ಬಿದ್ದು ಕಂಡು ಪಟ್ಟಣದವರ ಅಜ್ಞಾನಕ್ಕೆ ಮರುಗಿ ಮುಕ್ಕಾಲು ಪಾಲು ಕಿತ್ತುಹಾಕಿದೆ. ಅದು ಒಂದೆಲಗ. ತಟ್ಟೆಗೆ ಚಟ್ನಿಯಾಗಿ ಬಂದರೆ ತಕ್ಷಣ ಗುರುತಿಸಬಲ್ಲೆ, ಮಣ್ಣಿನಲ್ಲಿದ್ದಾಗ ನಮಗೆ ಪರಿಚಯವಿರಲಿಲ್ಲ.

ನೆಟ್ಟವರು ಮರಿಯಮ್ ಬೀ. ಅವರಿಗೆ ಕಣ್ಣು ಕಾಣದು. ಬಂದವರೇ ಪಾತಿಯವರಾದ ತಮ್ಮ ಮೈ ಸವರಿ, "ಯಾರ್ ಮಾರಾಯ, ನನ್ ಒಂದೆಲಗನೆಲ್ಲ ಕಿತ್ತಾಕ್ಬುಟ್ಟಿರೋದು?" ಎಂದರು. ನಾನೇ ಎಂದೆ. ಅವರು ನನ್ನ ಅಂಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿ ಶೀಲಾಗೆ, "ಸಾಹುಕಾರ್ರ ಕೈ ಕಣಮ್ಮ ಇದು, ಮಣ್ ಮುಟ್ಟೇ ಇಲ್ಲ" ಎಂದು ವರದಿ ಒಪ್ಪಿಸಿದರು. ಕಣ್ಣಿದ್ದ ಇಡೀ ಮಗ್ಗೆ ನಲವತ್ತು ವರ್ಷ ಬಾಯಿಬಿಡದಿದ್ದ ಸಂಗತಿಯಿದು. ನನಗೆ ನಾಚಿಕೆಯಾಯಿತು.

ಬೈದಿದ್ದರೆ ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆ. ಅವರು, "ಬೇರು ಇನ್ನೂ ಹಸಿ ಐತೆ, ನೀವೇ ನೆಡಿ," ಎಂದು ಕಿತ್ತದ್ದನ್ನು ನನ್ನ ಕೈಗಿಟ್ಟರು. ನೆಟ್ಟೆ. ಒಂದೊಂದನ್ನೂ ಮುಟ್ಟಿ ಪರೀಕ್ಷಿಸಿ ನಾಲ್ಕನ್ನು ಮತ್ತೆ ನೆಡಿಸಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಅಂದು ನಾನು ಅತ್ತಿರಲಿಲ್ಲ. ತುಂಬ ಸಂತೋಷವಾಗಿತ್ತು, ಮತ್ತು ಅದನ್ನು ಶೀಲಾ ನೋಡಿಬಿಟ್ಟಳು. ಇದು ನನ್ನ ಎರಡನೆಯ ದೂರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಕೂಡಲೇ ಮೂರಡಿ ಕೆಳಗಿಳಿಯಬೇಕು, ಗೇಟಿಗೆ ಹನ್ನೆರಡು ಮೆಟ್ಟಿಲು ಕಟ್ಟಿಸಬೇಕು, ಅದಾಗದಿದ್ದಲ್ಲಿ ಬೆಳೆಗಾರರು ಬಂದಾಗ ಸೊಪ್ಪುಗಳು ತಮ್ಮ ಹೆಸರನ್ನು ತಾವೇ ಕೂಗಿ ಹೇಳುವಂತೆ ಅಪ್ಪಣೆ ಹೊರಡಿಸಬೇಕು.

ನೆಪ ಕಳೆದುಕೊಂಡರೂ ವಿನಯ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಮಹಾದೇವಯ್ಯ,
ಕಾಫಿ ಬೆಳೆಗಾರರು (ಸದ್ಯ ಕಲಿಯುತ್ತಿದ್ದಾರೆ)

ವಿ.ಸೂ.: ನಾನು ಹಾಸನದವರಿಗೆ ಬೇಸಾಯ ಕಲಿಸಲು ಹೋಗುತ್ತಿದ್ದೇನೆಂದು ಮಗ್ಗೆಯಲ್ಲಿ ಸುದ್ದಿ ಹಬ್ಬಿಸಿದ್ದೇನೆ. ನಾನು ನೆಟ್ಟದ್ದು ಒಣಗಿದರೆ ದೋಷ ಮಣ್ಣಿನದೆಂದು ತಾವು ಬರೆದುಕೊಡತಕ್ಕದ್ದು. ಚಿಗುರಿದರೆ ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ನಾನೇ ಬಂದು ಮುಟ್ಟಿ ನೋಡುತ್ತೇನೆ.