ಬಾಗಿಲು ತೆಗೆಸುವ ಕ್ರಮ

ಕಟ್ಟಡ ನಿರ್ವಹಣಾ ಕಚೇರಿಯ ಇಂಗ್ಲಿಷ್ ತರಬೇತಿ ಪೂರ್ಣ ಯಶಸ್ವಿಯಾಗಿದೆ. ತರಬೇತಿ ಕೊಟ್ಟ ಟೀಚರಮ್ಮ ಇನ್ನೂ ಕೊಠಡಿಯೊಳಗೇ ಇರುವುದರಿಂದ ಆ ಯಶಸ್ಸಿಗೆ ಯಾವ ಕುಂದೂ ಬಂದಿಲ್ಲ.

ಕೊನೆಯ ಪಾಠ, ಕೆಲಸವನ್ನು ಬೇರೆಯವರ ಕೈಲಿ ಮಾಡಿಸಿದಾಗ ಇಂಗ್ಲಿಷಿನಲ್ಲಿ ಹೇಳುವ ಬಗೆ. ಟೀಚರಮ್ಮ ಬೋರ್ಡಿನ ಮೇಲೆ 'ಐ ಹ್ಯಾಡ್ ಮೈ ಹೇರ್ ಕಟ್' ಎಂದು ಬರೆದರು.

"ನೋಡಿ, ಕೂದಲು ಕತ್ತರಿಸಿ ಆಯ್ತು. ಯಾರು ಕತ್ತರಿಸಿದ್ರು ಅಂತ ಹೇಳಲೇಬೇಕಾಗಿಲ್ಲ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಚೇರಿಯ ಸಾಹೇಬರ ಕಣ್ಣು ತುಂಬಿ ಬಂತು. ತಾವು ಇಷ್ಟು ವರ್ಷ ನಡೆಸಿಕೊಂಡು ಬಂದ ಆಡಳಿತಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣವೇ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅಂದೇ ಆದೇಶ ಹೊರಟಿತು: ಪರೀಕ್ಷೆ ಪಾಸಾದ ಯಾವ ನೌಕರನೂ ಇನ್ನು ಮುಂದೆ ಸ್ವತಃ ಕೆಲಸ ಮಾಡತಕ್ಕದ್ದಲ್ಲ, ಮಾಡಿಸತಕ್ಕದ್ದು.

ಟೀಚರಮ್ಮನದು ಧಾರಾಳ ಕೈ. ಎಲ್ಲರನ್ನೂ ಪಾಸು ಮಾಡಿ ಹೊರಗೆ ಕಳಿಸಿ, ಚೀಲ ಹೆಗಲಿಗೇರಿಸಿ ಹೊರಟರೆ ಬಾಗಿಲಿನ ಚಿಲಕ ಕಚ್ಚಿಕೊಂಡಿತ್ತು. ಸಂಜೆ ಮಗಳು ಮೊದಲ ಸಲ ನಾಟಕದಲ್ಲಿ ರಾಣಿಯಾಗುವವಳಿದ್ದಳು. ಬಾಗಿಲು ಬಡಿದರು. ಹೊರಗೆ ಕಚೇರಿಯ ಬಡಗಿ ಉಳಿ ಹಿಡಿದೇ ನಿಂತಿದ್ದ.

"ಅಣ್ಣಾ, ಬೇಗ ತೆಗೀರಿ. ಮಗಳಿಗೆ ಮೊದಲ ಸಾಲಲ್ಲಿ ಕೂತಿರ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಎರಡು ಏಟಿನ ಕೆಲಸ ಮೇಡಂ. ಆದ್ರೆ ನೀವೇ ಪಾಸು ಮಾಡಿಬಿಟ್ರಲ್ಲ! ಈಗ ನಾನು ತೆಗೆಯೋ ಹಾಗಿಲ್ಲ, ತೆಗೆಸ್ಬೇಕು."

"ಯಾರ ಕೈಲಿ?"

"ಅದನ್ನ ಹೇಳಲೇಬೇಕಾಗಿಲ್ಲ ಅಂತ ನೀವೇ ಅಲ್ವಾ ಪಾಠ ಮಾಡಿದ್ದು?"

ಅಷ್ಟರಲ್ಲಿ ಸಾಹೇಬರ ದನಿ ಕೇಳಿಸಿತು. "ಗಾಬರಿ ಆಗ್ಬೇಡಿ ಮೇಡಂ. ಫೇಲಾದೋರು ಯಾರಾದ್ರೂ ಇದ್ದಾರಾ ಅಂತ ಹುಡುಕಿಸ್ತಾ ಇದ್ದೀನಿ."

ಟೀಚರಮ್ಮನಿಗೆ ಥಟ್ಟನೆ ದಾರಿ ಹೊಳೆಯಿತು. "ಬಡಗಿ ಅಣ್ಣಾ, ಈಗಲೇ ಒಂದು ಮರುಪರೀಕ್ಷೆ. ನೀವೀಗ ಏನು ಮಾಡ್ತಿದ್ದೀರಿ, ಇಂಗ್ಲಿಷಲ್ಲಿ ಹೇಳಿ. ತಪ್ಪಿದ್ರೆ ಫೇಲು."

"ಬೇಡ ಮೇಡಂ, ಪಾಸಾದೆ ಅಂತ ಮನೇಲಿ ಆಗಲೇ ಹೇಳ್ಕೊಂಡುಬಿಟ್ಟಿದ್ದೀನಿ," ಎಂದು ಅಂಗಲಾಚಿದ ಬಡಗಿ, ಗಂಟಲು ಸರಿಮಾಡಿಕೊಂಡು, "ಐ ಆಮ್ ಹ್ಯಾವಿಂಗ್ ದ ಡೋರ್ ಓಪನ್ಡ್," ಎಂದ.

ಎಲ್ಲೂ ತಪ್ಪಿರಲಿಲ್ಲ. ಟೀಚರಮ್ಮನಿಗೆ ಹೆಮ್ಮೆಯಾಯಿತು. ಇಂಥ ಶಿಷ್ಯನನ್ನು ಫೇಲು ಮಾಡಲು ಮನಸ್ಸು ಬರಲಿಲ್ಲ. ಬೆಂಚಿನ ಮೇಲೆ ಕೂತು ತಂಗಿಗೆ ಫೋನು ಹಚ್ಚಿದರು.

"ಮೊದಲ ಸಾಲಲ್ಲೇ ಕೂತ್ಕೊಳ್ಳೇ. ಅಮ್ಮ ಚಿಕ್ಕಮ್ಮನ ಕೈಲಿ ನಾಟಕ ನೋಡಿಸ್ತಾ ಇದ್ದಾಳೆ ಅಂತ ಮಗೂಗೆ ಹೇಳು."

"ಅವಳು ಅತ್ರೆ ಏನು ಮಾಡ್ಲಿ ಅಕ್ಕಾ?"

ಟೀಚರಮ್ಮ ಬೋರ್ಡಿನ ಮೇಲಿನ ವಾಕ್ಯದ ಕಡೆ ನೋಡಿದರು.

"ಕಣ್ಣು ಒರೆಸು," ಎಂದರು. "ನಾನೇ ಒರೆಸಿದ ಹಾಗೆ."

ಹೊರಗೆ ಇದನ್ನು ಕೇಳಿಸಿಕೊಂಡ ಸಾಹೇಬರು ಚಪ್ಪಾಳೆ ಹೊಡೆಸಿದರು.